ಯಂತ್ರ ಕೆಚ್ಚುವ ಕೆಲಸ

ಬೆಟಗೇರಿಯ ಮಗ್ಗದ ಮನೆಗಳಲ್ಲಿ ಹಾಸು ಮುಗಿಯುತ್ತ ಬಂದಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯನ್ನು ಹೊಸೆದು ಕೆಚ್ಚುತ್ತಾರೆ. ನನಗೆ ಇಷ್ಟವಾದ ಕೆಲಸವೂ ಅದೇ ಜಾತಿಯದು: ಯಾವುದೋ ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಕಂಪ್ಯೂಟರನ್ನು ‘ಇಮೇಜ್’ ಎಂಬ ಒಂದೇ ಫೈಲಿಗೆ ಇಳಿಸಿಕೊಂಡು, ಕ್ಲೌಡಿಗೆ ಏರಿಸಿ, ಏನೂ ಆಗಿಲ್ಲವೆಂಬಂತೆ ಅದು ಅಲ್ಲಿ ಎದ್ದು ಕೂಡುವುದನ್ನು ನೋಡುವುದು.

ಏರಿಸುವ ಕಮಾಂಡು ಒಂದೇ ಸಾಲು. ಸೊಗಸೆಲ್ಲ ಅದಕ್ಕೂ ಮೊದಲಿನ ತಯಾರಿಯಲ್ಲಿದೆ. ಮುಂಡರಗಿಯ ಒಂದು ಅಡತಿ ಅಂಗಡಿಯ ಹಳೇ ಉಬುಂಟು ಮಷಿನ್ನನ್ನೇ ನೋಡಿ. ಅದರ ಪ್ರಕಾರ ಡಿಸ್ಕಿನ ಹೆಸರು ‘ಎಸ್‌ಡಿಎ’. ಅಮೆಜಾನಿನ ಹೊಸ ಯಂತ್ರಗಳಲ್ಲಿ ಅದು ‘ಎನ್‌ವಿಎಂಇ’, ಓಪನ್‌ಸ್ಟ್ಯಾಕ್ ಕ್ಲೌಡುಗಳಲ್ಲಿ ಸಾಮಾನ್ಯವಾಗಿ ‘ವಿಡಿಎ’. ಆದ್ದರಿಂದ ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಹೆಸರು ತೆಗೆದು, ಜಾಗ ಬದಲಾದರೂ ಬದಲಾಗದ ಗುರುತಾದ ಯುಯುಐಡಿ ಬರೆಯಬೇಕು. ಬೂಟ್ ಆಗುವಾಗ ಬೇಕಾಗುವ ಹೊಸ ಡ್ರೈವರುಗಳನ್ನು ಮೊದಲೇ ಸೇರಿಸಿಡಬೇಕು. ಇಲ್ಲದಿದ್ದರೆ ಕರ್ನಲ್ ಎದ್ದರೂ ಡಿಸ್ಕ್ ಕಾಣದೆ ನಿಂತುಬಿಡುತ್ತದೆ. ನೆಟ್‌ವರ್ಕಿನದು ಇನ್ನೂ ತಮಾಷೆ. ಹಳೆಯ ಲಿನಕ್ಸು ತನ್ನ ಕಾರ್ಡಿನ ಮ್ಯಾಕ್ ವಿಳಾಸವನ್ನು ಒಂದು ಫೈಲಿನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಹೊಸ ಜಾಗದಲ್ಲಿ ಹೊಸ ಕಾರ್ಡ್ ಕಂಡೊಡನೆ ಇದು ಎರಡನೆಯದೆಂದು ‘ಇಟಿಎಚ್1’ ಅನ್ನುತ್ತದೆ. ಸೆಟ್ಟಿಂಗ್ ಎಲ್ಲ ‘ಇಟಿಎಚ್0’ ಹೆಸರಿನಲ್ಲೇ ಉಳಿದಿರುತ್ತದೆ. ವಿಳಾಸ ಬರೆದಿಟ್ಟ ಆ ಫೈಲ್ ಕಿತ್ತುಹಾಕಿ, ಸ್ಥಿರ ಐಪಿ ಬಿಡಿಸಿ, ಡಿಎಚ್‌ಸಿಪಿ ಹಾಕಿದರೆ ಜಗಳ ಮುಗಿಯಿತು.

ಖಾಲಿ ಜಾಗಕ್ಕೆ ಸೊನ್ನೆ ತುಂಬುವುದೆಂದರೆ ನನಗೆ ಬಲು ಪ್ರೀತಿ. ಅಳಿಸಿದ ಫೈಲು ಡಿಸ್ಕಿನಿಂದ ನಿಜಕ್ಕೂ ಹೋಗಿರುವುದಿಲ್ಲ. ಎಂದೋ ಅಳಿಸಿದ ಪಟ್ಟಿ, ಸಿನಿಮಾ ಹಾಡು, ಮದುವೆ ಫೋಟೊ ಎಲ್ಲ ಇಮೇಜಿನೊಳಗೆ ಕೂತು ಪ್ರಯಾಣಕ್ಕೆ ಸಿದ್ಧವಾಗಿರುತ್ತವೆ. ಸೊನ್ನೆ ಹೊಡೆದು ಕ್ಯೂಎಮುವಿನ ಸಲಕರಣೆಯಿಂದ ರೂಪ ಬದಲಿಸಿದರೆ ಅಷ್ಟು ದೊಡ್ಡ ಡಿಸ್ಕು ಕುಗ್ಗಿ ಕೈಗೆ ಸಿಗುವಂತಾಗುತ್ತದೆ. ಫ್ಯಾಬ್ರಿಸ್ ಬೆಲಾರ್ಡ್ ಎಂಬ ಫ್ರೆಂಚ್ ಪ್ರೋಗ್ರಾಮರ್ 2003ರಲ್ಲಿ ಹೊರತಂದದ್ದು ಈ ಕ್ಯೂಎಮು. ಅವನಿಗೆ ಗದಗಿನಲ್ಲಿ ಒಂದು ಊಟ ಹಾಕಿಸಬೇಕೆಂದು ಬಹಳ ಸಲ ಅನಿಸಿದೆ.

ಏರಿಸುವಾಗ ಮಾತ್ರ ತಾಳ್ಮೆ ಬೇಕು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ಎಷ್ಟೇ ತಿರುಗಲಿ, ಕೆಳಗೆ ಕರೆಂಟು ಹೋಗುವುದು ಹೋಗುತ್ತದೆ. ಅಮೆಜಾನಿನ ಫೈಲು ಇಡುವ ಜಾಗವಾದ ಎಸ್3 ಹೇಗಿದ್ದರೂ 5 ಜಿಬಿ ಮೀರಿದ್ದನ್ನು ಒಂದೇ ಏಟಿಗೆ ಒಯ್ಯುವುದಿಲ್ಲ. ತುಂಡು ಮಾಡಿಯೇ ಕಳಿಸಬೇಕು. ಹೋದ ತುಂಡು ಹೋದಂತೆ, ಉಳಿದದ್ದು ಕರೆಂಟು ಬಂದ ಮೇಲೆ. 2016ರಲ್ಲಿ ಅಮೆಜಾನಿನ ಮುಂಬೈ ಕೇಂದ್ರ ಶುರುವಾದದ್ದರಿಂದ ಲೆಕ್ಕದ ಪುಸ್ತಕ ದೇಶ ದಾಟಬೇಕಾದ ಅಗತ್ಯವೂ ಇಲ್ಲ.

ಆಮೇಲೆ ಪರದೆಯಲ್ಲಿ ಒಂದೊಂದೇ ಮಾತು ಬದಲಾಗುತ್ತದೆ: ಕನ್ವರ್ಟಿಂಗ್, ಅಪ್‌ಡೇಟಿಂಗ್, ಬೂಟಿಂಗ್. ಈ ಕೊನೆಯದರ ಮುಂದೆ ಚಹಾ ಆರಿಹೋದರೂ ನನಗೆ ಪರಿವೆಯಿರುವುದಿಲ್ಲ. ಎದ್ದ ಮಷಿನ್ನಿಗೆ ತಾನು ಮುಂಡರಗಿಯಲ್ಲಿಲ್ಲ ಎನ್ನುವ ಸುಳಿವೂ ಇರುವುದಿಲ್ಲ. ಅದರ ಗಡಿಯಾರ, ಅದರ ಬಳಕೆದಾರರು, ನಿನ್ನೆಯ ಶೇಂಗಾ ದರ, ಎಲ್ಲ ಇದ್ದಲ್ಲೇ.

ಅಮೆಜಾನಿನಲ್ಲಿ ಇಮೇಜ್ ತಯಾರಾದ ಮೇಲೆ ಎಸ್3ಯಲ್ಲಿ ಉಳಿದ ಫೈಲನ್ನು ಅಳಿಸಬೇಕು, ಇಲ್ಲದಿದ್ದರೆ ತಿಂಗಳಾ ಬಾಡಿಗೆ ಏರುತ್ತದೆ ಎಂದು ಅಡತಿ ಅಂಗಡಿಯ ಸಾವ್ಕಾರರಿಗೆ ಹೇಳಿದೆ.

“ಅಲ್ಲೂ ಗೋದಾಮ ಬಾಡಿಗಿ ಐತೇನ್ರಿ?” ಅಂದರು. “ಹಂಗಾರ ಅವರೂ ನಮ್ಮ ಮಂದೀನ ಬಿಡ್ರಿ.”