ಬರೆದೆಯೋ, ಕಟ್ಟಿದೆಯೋ?

ವರ್ಗದ ಹುಕುಂ ಕೈಗೆ ಬಂದಾಗ ನಮ್ಮ ಮನೆಯಲ್ಲಿ ಸೂರತ್ ಎಂದರೆ ಸೀರೆ ಎಂಬಷ್ಟೇ ಗೊತ್ತಿತ್ತು. 2019ರಲ್ಲಿ ಹೆಂಡತಿ, ಮಗಳು, ಎರಡು ಟ್ರಂಕುಗಳೊಡನೆ ಹರಿಹರದಿಂದ ಬಂದಿಳಿದು, ಕಚೇರಿಯ ಮಿತ್ರರೊಬ್ಬರ ಕೃಪೆಯಿಂದ ಕತಾರ್‌ಗಾಮಿನಲ್ಲಿ ಬಾಡಿಗೆಗೆ ಮನೆ ಹಿಡಿದೆ. ‘ಗಾಮ್’ ಎಂದರೆ ಹಳ್ಳಿ. ಹಳ್ಳಿಯ ಗುರುತು ಈಗ ಉಳಿದಿರುವುದು ತರಕಾರಿಯ ಗಾಡಿಯಲ್ಲಿ ಮಾತ್ರ. ಚಳಿಗಾಲ ಬಂತೆಂದರೆ ‘ಕತಾರ್‌ಗಾಮಿನ ಪಾಪಡಿ’ ಎಂದು ಕೂಗಿ ಮಾರುತ್ತಾರೆ. ಏನೋ ಅಪೂರ್ವ ವಸ್ತುವಿರಬೇಕೆಂದು ಓಡಿಹೋಗಿ ನೋಡಿದರೆ ನಮ್ಮ ಅವರೆಕಾಯಿಯ ಬಳಗ! ಅದಿಲ್ಲದೆ ಸೂರತ್ತಿನವರಿಗೆ ಉಂಧಿಯು ರುಚಿಸದು. ಉಳಿದಂತೆ ವಜ್ರಕ್ಕೆ ಸಾಣೆ ಹಿಡಿಯುವ ಕಾರ್ಖಾನೆಗಳು, ಮಗ್ಗಗಳ ಸದ್ದು, ಸೌರಾಷ್ಟ್ರದಿಂದ ಬಂದು ನೆಲಸಿದ ಸಂಸಾರಗಳು, ಆ ಸಂಸಾರಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿಟ್ಟಿರುವ ಅಪಾರ್ಟ್‌ಮೆಂಟುಗಳು.

ನಮ್ಮದು ನಾಲ್ಕು ಅಂತಸ್ತಿನ ಹಳೆಯ ಕಟ್ಟಡ, ಹದಿನಾರು ಮನೆ. ನಾವು ತುತ್ತತುದಿಯಲ್ಲಿ, ಅಗಾಸಿಯ ಅಡಿಯಲ್ಲೇ. ತಾರಸಿಗೆ ಇಲ್ಲಿ ಅಗಾಸಿ ಎನ್ನುತ್ತಾರೆ. ನೆಲದ ಅಂತಸ್ತಿನಲ್ಲಿ ಒಬ್ಬ ವೃದ್ಧೆ. ಅವರನ್ನು ಎಲ್ಲರೂ ಕರೆಯುವುದು ‘ಬಾ’ ಎಂದು. ಗುಜರಾತಿಯಲ್ಲಿ ಹಾಗೆಂದರೆ ತಾಯಿ. ಬಂದ ದಿನ ಕಾವಲುಗಾರ ಅವರ ಬಾಗಿಲಲ್ಲಿ ನಿಂತು ‘ಬಾ, ಬಾ’ ಎಂದು ಕೂಗಿದಾಗ, ಕನ್ನಡ ಬಲ್ಲವನೊಬ್ಬ ಸಿಕ್ಕನೆಂದು ಹಿಗ್ಗಿ ನಾನು ನೇರವಾಗಿ ಒಳಗೇ ಹೋಗಿಬಿಟ್ಟಿದ್ದೆ. ಆ ಪೆಚ್ಚುತನದಿಂದಲೇ ನಮ್ಮ ಪರಿಚಯ ಬೆಳೆಯಿತು.

ಬಾ ಎರಡು ಮಾತಿಗೊಮ್ಮೆ ‘ರೇಲ್ ಬಂದಾಗ’ ಎನ್ನುತ್ತಿದ್ದರು. ಯಾವ ರೈಲು, ಯಾವ ಸ್ಟೇಷನ್ನು ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದೆ. ಸೂರತ್ತಿನ ಮಾತಿನಲ್ಲಿ ರೇಲ್ ಎಂದರೆ ಪ್ರವಾಹ. 2006ರ ಆಗಸ್ಟ್‌ನಲ್ಲಿ ಬಂದದ್ದು. ಊರಿನಿಂದ ನೂರು ಕಿಲೋಮೀಟರಿನಷ್ಟು ಮೇಲೆ ತಾಪಿಗೆ ಕಟ್ಟಿದ ಉಕಾಯಿ ಅಣೆಕಟ್ಟು 1972ರಲ್ಲಿ ಮುಗಿದದ್ದು. ಆ ವರ್ಷ ಮೇಲಿನ ಸೀಮೆಯಲ್ಲಿ ಮಳೆ ಹುಯ್ದು, ತುಂಬಿದ ಜಲಾಶಯಕ್ಕೆ ಮತ್ತೆ ನೀರು ನುಗ್ಗಿ, ಹೊರಬಿಟ್ಟ ನೀರು ಸೆಕೆಂಡಿಗೆ ಒಂಬತ್ತು ಲಕ್ಷ ಘನ ಅಡಿಯವರೆಗೆ ಏರಿತು. ಕೆಳಗೆ ಕಡಲು ಹತ್ತಿರ. ಉಬ್ಬರವಿದ್ದರೆ ಹೊಳೆಯ ನೀರು ಬೇಗನೆ ಇಳಿಯಲೊಲ್ಲದು. ಊರಿನ ಮುಕ್ಕಾಲು ಪಾಲು ಮುಳುಗಿತು. ಬಾ ತಮ್ಮ ಬಾಗಿಲ ಚೌಕಟ್ಟಿನಲ್ಲಿ ಮೊಳೆಯಿಂದ ಗೀರಿದ ಗೆರೆಯನ್ನು ತೋರಿಸಿದರು. ನನ್ನ ಎದೆಯ ಮಟ್ಟಕ್ಕಿತ್ತು. ಚರಂಡಿಯ ವಿಷಯಕ್ಕೆ ಜಗಳವಾಡಿ ವರ್ಷದಿಂದ ಮಾತು ಬಿಟ್ಟಿದ್ದ ಎರಡನೆಯ ಅಂತಸ್ತಿನವರ ಮನೆಯಲ್ಲೇ ಅವರು ಮೂರು ರಾತ್ರಿ ಕಳೆದರಂತೆ. ‘ನೀರು ಎಷ್ಟಾದರೂ ಇಳಿಯುತ್ತದೆ, ದೀಕ್ರಾ. ಕೆಸರು ಇಳಿಯುವುದಿಲ್ಲ, ಹೊರಬೇಕು’ ಎಂದರು. ಕೆಸರು ಹಸಿಯಿರುವಾಗಲೇ ಎತ್ತಿಹಾಕದಿದ್ದರೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ನೆಲದೊಳಗಿನ ನೀರಿನ ತೊಟ್ಟಿಯನ್ನು ಪೂರ್ತಿ ಖಾಲಿಮಾಡಿ, ಉಜ್ಜಿ, ಬ್ಲೀಚಿಂಗ್ ಪುಡಿ ಹಾಕದೆ ಒಂದು ಹನಿಯನ್ನೂ ಬಾಯಿಗೆ ಬಿಡಬಾರದು. ಗೋಡೆ ಒಳಗಿನಿಂದ ಒಣಗುವ ಮುನ್ನ ಬಣ್ಣ ಹೊಡೆಸಿದವರದು ಆರು ತಿಂಗಳಲ್ಲಿ ಹಪ್ಪಳವೆದ್ದಿತಂತೆ.

ನೀರಿನ ಭಯ ಕೆಳಗಿನವರಿಗಾದರೆ ಗಾಳಿಯ ಭಯ ಮೇಲಿನವರಿಗೆ. ಹಲವು ಸಂಸಾರಗಳ ಕಟ್ಟಡದ ತೊಡಕೆಲ್ಲ ಇಲ್ಲಿಯೇ ಇದೆ. ನಮ್ಮ ಸೊಸಾಯಟಿಯ ಸಭೆಯಲ್ಲಿ ಕರೆಂಟಿನ ಮೀಟರುಗಳನ್ನು ನೆಲಮಟ್ಟದಿಂದ ಮೇಲಕ್ಕೆತ್ತಿಸೋಣ ಎಂದು ಬಾ ಎಷ್ಟೋ ಸಲ ಹೇಳಿದ್ದರು, ಮೇಲಿನವರು ಕೆಮ್ಮಿದರು. ಅಗಾಸಿಯ ಬಿರುಕು ಮುಚ್ಚಿಸೋಣ ಎಂದು ನಾವು ಹೇಳಿದೆವು, ಕೆಳಗಿನವರು ಕೆಮ್ಮಿದರು. ಬಿ.ಎ. ಓದಿದ ಸರಕಾರಿ ಗುಮಾಸ್ತನೆಂದು ಸಭೆಯ ನಡವಳಿಯನ್ನು ನನ್ನಿಂದಲೇ ಬರೆಸುತ್ತಿದ್ದರು. ಕೆಮ್ಮನ್ನು ಬಿಟ್ಟು ಉಳಿದುದನ್ನು ಚೆನ್ನಾಗಿಯೇ ಬರೆದಿದ್ದೇನೆ.

2021ರ ಮೇ ತಿಂಗಳು. ಕೊರೋನಾದ ಎರಡನೆಯ ಅಲೆಯ ಹೆದರಿಕೆಯಲ್ಲಿ ಎಲ್ಲರೂ ಬಾಗಿಲಿಕ್ಕಿ ಕುಳಿತಿದ್ದ ಕಾಲ. ಅರಬ್ಬೀ ಸಮುದ್ರದಲ್ಲಿ ಎದ್ದ ಚಂಡಮಾರುತಕ್ಕೆ ತೌಕ್ತೆ ಎಂದು ಹೆಸರು. ಬರ್ಮಾದವರು ಕೊಟ್ಟದ್ದು, ಹಲ್ಲಿ ಎಂದರ್ಥ. ಅದು ನಮ್ಮ ಉಡುಪಿ, ಕಾರವಾರಗಳ ತೀರವನ್ನು ಹಾಳುಗೆಡವಿಕೊಂಡು ಉತ್ತರಕ್ಕೆ ಬರುತ್ತಿತ್ತು. ಎರಡು ದಿನ ಮುಂಚೆಯೇ ಸೂಚನೆ ಬಂದಿತ್ತು. ಅಗಾಸಿಯ ಮೇಲೆ ನೀರಿನ ತೊಟ್ಟಿಗಳ ನೆರಳಿಗೆಂದು ಹಾಕಿದ ತಗಡುಗಳು ಸಡಿಲವಾಗಿವೆ, ಹಗ್ಗದಿಂದ ಬಿಗಿಯಬೇಕೆಂದು ಬಾ ನನಗೇ ಹೇಳಿಕಳಿಸಿದರು. ಬೀಗದ ಕೈ ನನ್ನ ಬಳಿಯೇ ಇತ್ತು. ನಾನು ಏನು ಮಾಡಿದೆ? ರಿಜಿಸ್ಟರಿನಲ್ಲಿ ‘ತಗಡುಗಳ ವಿಚಾರ ಗಮನಕ್ಕೆ ಬಂದಿದೆ, ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿದೆ.

17ರ ರಾತ್ರಿ ಚಂಡಮಾರುತ ಖಂಭಾತದ ಕೊಲ್ಲಿಯ ಆಚೆ, ದೀವ್ ಮತ್ತು ಊನಾಗಳ ನಡುವೆ ನೆಲ ಹತ್ತಿತು. ಕೊಲ್ಲಿಯ ಈಚೆ ನಮಗೆ ಸಿಕ್ಕಿದ್ದು ಅದರ ಸೆರಗು ಮಾತ್ರ. ಆ ಸೆರಗಿಗೇ ಊರಿನ ಮರಗಳು ಉರುಳಿದುವು. ಅಗಾಸಿಯ ನೀರು ಹೋಗುವ ಕೊಳವೆಗೆ ಉತ್ತರಾಯಣದ ಗಾಳಿಪಟದ ದಾರವೆಲ್ಲ ಸಿಂಬೆ ಸುತ್ತಿ ಕುಳಿತಿತ್ತು. ಮಳೆ ನೀರು ನಿಂತು ನಮ್ಮ ಸೂರಿನಿಂದ ಧಾರೆಯಾಗಿ ಇಳಿಯತೊಡಗಿತು. ಮೇನ್ ಸ್ವಿಚ್ ತೆಗೆದು, ಮಗಳನ್ನು ಹೊದಿಕೆಯಲ್ಲಿ ಸುತ್ತಿ, ಕತ್ತಲಲ್ಲಿ ಮೆಟ್ಟಿಲಿಳಿದು ಬಾ ಅವರ ಬಾಗಿಲು ತಟ್ಟಿದೆವು. ಒಳಗೆ ಒಂದು ಮೂಲೆಯಲ್ಲಿ ಕಾವಲುಗಾರನೂ ಮಲಗಿದ್ದ. ‘ಇವನನ್ನೂ ಈಗ ತಾನೆ ಬೈದು ಒಳಗೆ ಕರೆದೆ’ ಎಂದರು ಬಾ. ಸ್ವಲ್ಪ ಹೊತ್ತಿಗೆ ಹೊರಗೆ ಸಿಡಿಲು ಬಡಿದಂಥ ಸದ್ದು. ಬೆಳಿಗ್ಗೆ ನೋಡಿದರೆ, ಗೇಟಿನ ಬಳಿ ಅವನು ದಿನವೂ ಮಲಗುವ ಮಂಚವನ್ನು ಅಗಾಸಿಯಿಂದ ಹಾರಿಬಂದ ತಗಡು ಎರಡು ಹೋಳು ಮಾಡಿತ್ತು.

ನನ್ನನ್ನು ಯಾರೂ ಏನೂ ಅನ್ನಲಿಲ್ಲ. ರಿಜಿಸ್ಟರನ್ನು ಓದುವವನು ನಾನೊಬ್ಬನೇ ತಾನೆ! ಸಂಜೆ ನಾನೇ ಅದನ್ನು ಒಯ್ದು ಬಾ ಅವರಿಗೆ ಓದಿ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಪುಟವನ್ನು ನೋಡಿ, ‘ಅಕ್ಷರ ಚೆನ್ನಾಗಿದೆ’ ಎಂದರು. ಹೊಸ ಮಂಚದ ಹಣ ನಾನು ಕೊಟ್ಟೆ.

ಆಮೇಲಿನ ದುರಸ್ತಿಯ ಕಥೆ ದೀರ್ಘವಾದದ್ದು. ನಮ್ಮ ಸಂಘದ ಸದಸ್ಯರು ಅನೇಕರು ಇಂಥ ಮನೆಗಳಲ್ಲೇ ಇರುವುದರಿಂದ ಒಂದೆರಡು ಮಾತು ಹೇಳುತ್ತೇನೆ. ಗುಡಿಸುವುದಕ್ಕೆ ಮೊದಲು ಫೋಟೋ ತೆಗೆಯಿರಿ. ಕಟ್ಟಡಕ್ಕೆ ವಿಮೆ ಇದ್ದವರಿಗೆ ಅದೇ ಸಾಕ್ಷಿ. ನಮಗೆ ವಿಮೆ ಇರಲಿಲ್ಲ. ನೆನೆದ ತಂತಿಗಳನ್ನು ಬಲ್ಲವನು ಪರೀಕ್ಷಿಸುವ ತನಕ ಸ್ವಿಚ್ ಮುಟ್ಟಬೇಡಿ. ನಮ್ಮ ಸೂರಿನ ಗಾರೆ ಕಳಚಿ ತುಕ್ಕು ಹಿಡಿದ ಕಂಬಿಗಳು ಕಾಣುತ್ತಿದ್ದುವು. ಮೇಸ್ತ್ರಿಯೊಬ್ಬ ಮೇಲೆ ಗಾರೆ ಮೆತ್ತಿ ಬಣ್ಣ ಬಳಿಯುತ್ತೇನೆಂದ; ಕಡಿಮೆ ಖರ್ಚು. ಇನ್ನೊಬ್ಬ ತುಕ್ಕನ್ನು ಪೂರ್ತಿ ಉಜ್ಜಿ, ಕಂಬಿಗೆ ಲೇಪ ಕೊಟ್ಟು, ಮೇಲೆ ಅಗಾಸಿಗೂ ನೀರು ತಡೆಯುವ ಪದರ ಹಾಕಬೇಕೆಂದ. ಖರ್ಚು ಎಷ್ಟೋ ಪಾಲು ಹೆಚ್ಚು. ಅಗಾಸಿ ಮೇಲಿನ ನಾಲ್ಕು ಮನೆಯವರದೋ ಹದಿನಾರು ಮನೆಯವರದೋ ಎಂಬ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ಒಂದು ಹನಿಯೂ ಸೋರದ ಮನೆಯ ಬಾ ಮೊದಲು ತಮ್ಮ ಪಾಲಿನ ಹಣ ಎಣಿಸಿಟ್ಟರು. ಅದಾದ ಮೇಲೆ ಕೆಮ್ಮುವುದು ಯಾರಿಗೂ ಸಾಧ್ಯವಾಗಲಿಲ್ಲ. ಆ ದೀಪಾವಳಿಯೊಳಗೆ ಮೀಟರುಗಳೂ ಬಾಗಿಲಿನ ಗೆರೆಗಿಂತ ಎರಡು ಅಡಿ ಮೇಲಕ್ಕೆ ಹೋದುವು.

ಈಗ ಉತ್ತರಾಯಣ ಕಳೆದ ಭಾನುವಾರ ಅಗಾಸಿಯ ಕೊಳವೆಯಿಂದ ದಾರ ತೆಗೆಯುವುದು, ಮೇ ಮೊದಲ ವಾರ ಹಗ್ಗ, ಕೊಂಡಿ, ತೊಟ್ಟಿಯ ಮುಚ್ಚಳಗಳನ್ನು ನೋಡುವುದು ನನ್ನ ಪಾಲಿನ ಕೆಲಸ. 2023ರ ಜೂನ್‌ನಲ್ಲಿ ಬಿಪರ್ಜಾಯ್ ಬರುತ್ತದೆಂದಾಗಲೂ, ಅದು ಕಚ್ಛದ ಜಖೌ ಕಡೆಗೆ ಹೋಯಿತೆನ್ನಿ, ಹಗ್ಗ ಹಿಡಿದು ಮೇಲೇರಿದ್ದೆ. ಇಳಿದು ಬರುವಾಗ ಬಾ ಬಾಗಿಲಲ್ಲೇ ಕುಳಿತು ಪಾತ್ರೆಯಲ್ಲಿ ಅಕ್ಕಿ ಆರಿಸುತ್ತಿದ್ದರು. ತಲೆಯೆತ್ತದೆ ಕೇಳಿದರು:

‘ಬರೆದೆಯೋ ದೀಕ್ರಾ, ಕಟ್ಟಿದೆಯೋ?’