ನೀಲಿ ಫ್ಯೂಸು, ಹಸಿರು ಫ್ಯೂಸು

ಊರಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಅಂದ್ರೆ ಏನರ್ಥ ಅಂತ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರುತ್ತೆ. ಟಿವಿ ರಿಮೋಟಿಂದ ಹಿಡಿದು ಬೋರ್‌ವೆಲ್ ಸ್ಟಾರ್ಟರ್ ತನಕ, ಕರೆಂಟು ಹರಿಯೋದೆಲ್ಲ ನಮ್ಮ ಡಿಪಾರ್ಟ್‌ಮೆಂಟು :-) ನಾನು ದಿನಾ ಬರೆಯೋದು ಬಿಲ್ಲಿಂಗ್ ಕೋಡು ಅಂತ ಎಷ್ಟು ಹೇಳಿದ್ರೂ ಯಾರೂ ನಂಬಲ್ಲ. ಈ ಸಲ ಮಾತ್ರ, ಇಂಜಿನಿಯರಿಂಗ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದಿದ್ದು ಕೊನೆಗೂ ಒಂದು ಕೆಲಸಕ್ಕೆ ಬಂತು. ಅದನ್ನೇ ಬರೀತಿದ್ದೀನಿ.

ಮುದನಾಳ ಯಾದಗಿರಿ ಹತ್ತಿರದ ಊರು. (ಯಾದಗಿರಿ ಅಂದ್ರೆ ಗುಲಬರ್ಗಾ ಜಿಲ್ಲೆ ಅಲ್ವಾ ಅನ್ನೋರು ಬೆಂಗಳೂರಲ್ಲಿ ಇನ್ನೂ ಸಿಗ್ತಾರೆ. 2009ರ ಡಿಸೆಂಬರ್‌ನಿಂದಲೇ ಅದು ಬೇರೆ ಜಿಲ್ಲೆ ಸ್ವಾಮಿ.) ಅಲ್ಲಿ ನಮ್ಮ ಕಾಕಾ ಒಂದು ಹಳೇ ಡೀಸೆಲ್ ಗಾಡಿ ಬಾಡಿಗೆಗೆ ಓಡಿಸ್ತಾರೆ. ಮದುವೆ ದಿಬ್ಬಣ, ಸಂಕ್ರಾಂತಿಗೆ ಮೈಲಾಪುರದ ಜಾತ್ರೆ, ಶಹಾಪುರ ಸುರಪುರದ ಕಚೇರಿ ಕೆಲಸ, ಎಲ್ಲಕ್ಕೂ ಅದೇ ಗಾಡಿ. ರಾತ್ರಿ ಹನ್ನೆರಡಕ್ಕೆ ಯಾರಿಗಾದ್ರೂ ಹೆರಿಗೆ ನೋವು ಶುರುವಾದ್ರೂ ಬಡಿಯೋದು ಕಾಕಾನ ಮನೆ ಬಾಗಿಲೇ. ಹಾಗಾಗಿ ಆ ಗಾಡಿ ದಾರೀಲಿ ನಿಲ್ಲೋ ಹಾಗಿಲ್ಲ.

ಗಾಡಿ ಕೊಂಡ ಮೇಲೆ ಕಾಕಾ ಹಾಕಿಸಿದ್ದು ಎರಡು. ಬಂಪರಿಗೆ 55 ವ್ಯಾಟಿನ ಒಂದು ಜೊತೆ ಫಾಗ್ ಲ್ಯಾಂಪು, ಹಾಡಿಗೆ ಒಂದು ಆಂಪ್ಲಿಫೈಯರು. ಆಮೇಲೆ ಶುರುವಾದ ತೊಂದರೆ ಮೂರು.

"ತಮ್ಮಾ, ಮೂರು ದಿನ ಬಾಡಗಿ ಇಲ್ದ ನಿಂತ್ರ ಸೆಲ್ಫೇ ಹೊಡಿಯಂಗಿಲ್ಲ. ಫಾಗ್ ಲೈಟ್ ಹಚ್ಚಿ ಇಂಡಿಕೇಟರ್ ಹಾಕಿದ್ರ ಮುಂದಿನ ದೀಪೆಲ್ಲಾ ತಾಳ ಹೊಡೀತಾವ. ಇನ್ನ ಫ್ಯೂಸಿಂದಂತೂ ಕೇಳಬ್ಯಾಡ, ವಾರಕ್ಕೊಂದು ಹೋಗ್ತಿತ್ತು. ಈಗ ದೊಡ್ಡದು ಹಾಕ್ಯಾರ, ಆರಾಮ್ ಅದ."

ಮೊದಲಿನ ಎರಡು ಕೇಳಿ ನಗು ಬಂತು. ಆ "ಆರಾಮ್ ಅದ" ಕೇಳಿದ ಮೇಲೆ ಮಾತ್ರ ಭಯ ಆಯ್ತು.

ಆಫೀಸಲ್ಲಿ ಬಗ್ ಬಂದಾಗ ಮೊದಲು ಕೇಳೋ ಪ್ರಶ್ನೆ, ಕೊನೇ ಸಲ ಏನು ಬದಲಾಯಿಸಿದ್ರಿ ಅಂತ. ಇಲ್ಲೂ ಅದೇ. ಗಾಡಿ ಜೊತೆ ಬಂದ ವೈರಿಂಗ್ ಬಿಟ್ಟು, ಆಮೇಲೆ ಹಾಕಿಸಿದ್ದನ್ನಷ್ಟೇ ಹುಡುಕೋಕೆ ಹೊರಟೆ.

ಮೊದಲು ಬ್ಯಾಟರಿ. ಕೀ ತೆಗೆದು, ಬಾಗಿಲು ಹಾಕಿ, ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ, ಮಧ್ಯೆ ಮಲ್ಟಿಮೀಟರನ್ನ 10 ಆಂಪಿನ ತೂತಿಗೆ ಹಾಕಿ ಸೇರಿಸಿದೆ. (ಹೀಗಿರುವಾಗ ಸೆಲ್ಫ್ ಹೊಡೀಬೇಡಿ, ಮೀಟರ್ ಹೋಗುತ್ತೆ.) 0.6 ಆಂಪ್ ತೋರಿಸ್ತು. ಇಂಥ ಹಳೇ ಗಾಡೀಲಿ 0.05ರೊಳಗೆ ಇರಬೇಕು. ಒಂದೊಂದೇ ಫ್ಯೂಸ್ ಕೀಳ್ತಾ ಹೋದೆ. ಆಂಪ್ಲಿಫೈಯರ್‌ದು ಕಿತ್ತ ತಕ್ಷಣ ಮೀಟರ್ ಇಳೀತು. ಕೀ ತೆಗೆದ್ರೆ ಅದನ್ನ ಆಫ್ ಮಾಡಬೇಕಾದ ಸಣ್ಣ ವೈರನ್ನ ಸದಾ ಕರೆಂಟಿರೋ ಲೈನಿಗೆ ಕಟ್ಟಿದ್ರು. 0.6 ಆಂಪ್ ಅಂದ್ರೆ ದಿನಕ್ಕೆ 14 ಆಂಪ್ ಅವರ್, ಮೂರು ದಿನಕ್ಕೆ 43. 65ರ ಬ್ಯಾಟರಿ ಪಾಪ ಇನ್ನೇನು ಸೆಲ್ಫ್ ಹೊಡೆದೀತು!

ಎರಡನೇದು ತಾಳ ಹೊಡೆಯೋ ದೀಪ. ಕಾರಿನಲ್ಲಿ ಕರೆಂಟು ಹೋಗೋದು ವೈರಲ್ಲಿ, ವಾಪಸ್ ಬರೋದು ಗಾಡಿಯ ಕಬ್ಬಿಣದ ಮೈಯಲ್ಲಿ. ಹೋಗೋ ದಾರಿ ಎಲ್ಲರೂ ನೋಡ್ತಾರೆ, ವಾಪಸ್ ಬರೋ ದಾರಿ ಯಾರೂ ನೋಡಲ್ಲ. ಫಾಗ್ ಲ್ಯಾಂಪಿನ ನೆಗೆಟಿವ್ ವೈರನ್ನ ಇಂಡಿಕೇಟರಿನ ನೆಗೆಟಿವ್ ಜೊತೆ ಸೇರಿಸಿ, ಬಂಪರ್ ಹಿಂದೆ ಬಣ್ಣದ ಮೇಲೇ ಸ್ಕ್ರೂ ಬಿಗಿದಿದ್ರು. ದೀಪ ಆರಿಸಿ ಮೀಟರ್ ಇಟ್ರೆ ಎಲ್ಲ ಸರಿ ಇದೆ ಅನ್ಸುತ್ತೆ, ಯಾಕಂದ್ರೆ ಕರೆಂಟೇ ಹರೀತಿಲ್ಲ. ದೀಪ ಹಚ್ಚಿ, ಮೀಟರಿನ ಒಂದು ಕಡ್ಡಿ ಲ್ಯಾಂಪಿನ ನೆಗೆಟಿವ್‌ಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ ಇಟ್ಟೆ. ಸೊನ್ನೆ ಹತ್ತಿರ ಇರಬೇಕಾದ್ದು 2.1 ವೋಲ್ಟ್! ಎಂಟು ಆಂಪ್ ಹರಿಯುವಾಗ ಆ ಒಂದು ಸ್ಕ್ರೂನಲ್ಲೇ ಹದಿನೇಳು ವ್ಯಾಟು ಬಿಸಿಯಾಗಿ ಹೋಗ್ತಿತ್ತು, ಸಣ್ಣ ಸೋಲ್ಡರಿಂಗ್ ಐರನ್ ಇಟ್ಟ ಹಾಗೆ. ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ, ಗ್ರೀಸ್ ಹಚ್ಚಿ ಬಿಗಿದ ಮೇಲೆ 0.1. ದೀಪಗಳು ತಾಳ ಬಿಟ್ಟವು.

ಈಗ ಮೂರನೇದು. ಬ್ಲೇಡ್ ಫ್ಯೂಸಿಗೆ ಬಣ್ಣದ ಲೆಕ್ಕ ಇದೆ. 10 ಆಂಪ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಎರಡು ಫಾಗ್ ಲ್ಯಾಂಪ್ ಸೇರಿ 110 ವ್ಯಾಟ್, ಅಂದ್ರೆ ಸುಮಾರು 9 ಆಂಪ್. ನೀಲಿ ಸಾಕು. ಅಲ್ಲಿ ಕೂತಿದ್ದು ಹಸಿರು.

ಫ್ಯೂಸ್ ಇರೋದು ದೀಪ ಕಾಯೋಕೆ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಅಲ್ಲ, ಅದು ವೈರ್ ಕಾಯೋಕೆ. ವೈರಿಗಿಂತ ಮೊದಲು ತಾನು ಸುಡಬೇಕು, ಅದೇ ಅದರ ನೌಕರಿ. ಹಸಿರು ಹಾಕಿದ್ರೆ ವೈರು ಮೊದಲು ಸುಡುತ್ತೆ. ಕರೆಂಟು ಎರಡರಷ್ಟಾದ್ರೆ ಬಿಸಿ ನಾಲ್ಕರಷ್ಟು. ಅದೂ ಯಾದಗಿರಿ ಬೇಸಿಗೆ, ಹೊರಗೇ 40 ದಾಟಿರುತ್ತೆ, ಬಾನೆಟ್ ಒಳಗೆ ಕೇಳೋದೇ ಬೇಡ. ಟೇಪಿನ ಅಂಟು ಬೆಲ್ಲದ ಪಾಕದ ಹಾಗೆ ಇಳಿದಿತ್ತು.

ಹಾಗಾದ್ರೆ ನೀಲಿ ಯಾಕೆ ಹೋಗ್ತಿತ್ತು? ಅದನ್ನ ಹುಡುಕೋಕೆ ಒಂದು ಸುಲಭ ಉಪಾಯ. ಎರಡೂ ಲ್ಯಾಂಪಿನ ಪ್ಲಗ್ ಬಿಚ್ಚಿ, ಫ್ಯೂಸ್ ಕಿತ್ತು, ಅದರ ಜಾಗದಲ್ಲಿ ಹಳೇ ಹೆಡ್‌ಲೈಟ್ ಬಲ್ಬೊಂದನ್ನ ಎರಡು ವೈರಿಂದ ಸಿಕ್ಕಿಸಿದೆ. ಈಗ ಸ್ವಿಚ್ ಹಾಕಿದ್ರೆ ಬಲ್ಬು ಹತ್ತಬಾರದು. ವೈರು ಎಲ್ಲಾದ್ರೂ ಮೈಗೆ ತಾಗಿದ್ರೆ ಮಾತ್ರ ಹತ್ತುತ್ತೆ, ಬಲ್ಬೇ ಕರೆಂಟನ್ನ ತಡೆಯೋದರಿಂದ ಏನೂ ಸುಡಲ್ಲ. ಬಲ್ಬಿನ ಮೇಲೆ ಕಣ್ಣಿಡೋಕೆ ಕಾಕಾನ ಮಗಳನ್ನ ನಿಲ್ಲಿಸಿ, ವೈರನ್ನ ಗೇಣು ಗೇಣಾಗಿ ಅಲುಗಾಡಿಸ್ತಾ ಹೋದೆ. ಇಂಜಿನ್ನಿಗೂ ಡ್ಯಾಶ್‌ಬೋರ್ಡಿಗೂ ನಡುವಿನ ತಗಡಿನ ತೂತಿನ ಹತ್ತಿರ ಬಂದಾಗ "ಹತ್ತಿತು ಹತ್ತಿತು!" ಅಂತ ಕೂಗಿದಳು. ತೂತಿಗೆ ರಬ್ಬರ್ ಬುಷ್ ಇರಲಿಲ್ಲ. ತಗಡಿನ ಅಂಚು ವೈರಿನ ಮೈ ತಿಂದಿತ್ತು. ಗಾಡಿ ಗುಂಡಿ ಹಾರಿದಾಗೆಲ್ಲ ತಾಗ್ತಿತ್ತು, ಫ್ಯೂಸ್ ಹೋಗ್ತಿತ್ತು. ಹಸಿರು ಹಾಕಿದ ಮೇಲೆ ಫ್ಯೂಸ್ ಹೋಗಲಿಲ್ಲ ನಿಜ. ಆದ್ರೆ ಅಲ್ಲಿಂದ ಒಂದು ಮೊಳ ವೈರಿನ ಪ್ಲಾಸ್ಟಿಕ್ಕು ಕಂದಾಗಿ, ಮುಟ್ಟಿದ್ರೆ ಪುಡಿ ಪುಡಿ. ಕಾಕಾ ಅದನ್ನ ಕೈಯಲ್ಲಿ ಹಿಡ್ಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಆ ವಾರವಷ್ಟೇ ಒಬ್ಬ ಬಾಣಂತಿನ ಕೂಸಿನ ಜೊತೆ ಕರ್ಕೊಂಡು ಬಂದಿದ್ರು, ಅದೇ ಗಾಡೀಲಿ.

ವೈರಿಂಗ್ ಹೊಸದಾಗಿ ಮಾಡಿದ್ವಿ. ಬ್ಯಾಟರಿಯಿಂದ ಗೇಣಿನೊಳಗೆ ನೀಲಿ ಫ್ಯೂಸು, ಪಕ್ಕದಲ್ಲೇ ರಿಲೇ. ರಿಲೇಯ 30ಕ್ಕೆ ಫ್ಯೂಸಿಂದ ಬಂದ ವೈರು, 87ರಿಂದ ಲ್ಯಾಂಪಿಗೆ, 86ಕ್ಕೆ ಸ್ವಿಚ್ಚಿಂದು, 85 ನೆಗೆಟಿವ್‌ಗೆ. ಈಗ ತಗಡಿನ ತೂತು ದಾಟೋದು ರಿಲೇ ಎಳೆಯೋ 0.2 ಆಂಪ್ ಮಾತ್ರ, ಅದೂ ಬುಷ್ ಒಳಗಿಂದ.

ಹಸಿರು ಫ್ಯೂಸ್ ಹಾಕಿದ್ದ ಮೆಕ್ಯಾನಿಕ್ ಹತ್ರಾನೂ ಹೋಗಿದ್ದೆ, ಜಗಳಕ್ಕಲ್ಲ. ಅವರು ಹೇಳಿದ್ದು ಇಷ್ಟು. "ರಿಲೇ ಹಾಕ್ತೀನಿ ಅಂದ್ರ ಮುನ್ನೂರು ಜಾಸ್ತಿ ಯಾಕ ಅಂತಾರ್ರೀ. ಫ್ಯೂಸ್ ಹೋದ್ರ ನಿನ್ನ ಕೆಲಸ ಸರಿ ಇಲ್ಲ ಅಂತಾರ. ದೊಡ್ಡ ಫ್ಯೂಸ್ ಹಾಕಿದ್ರ ಯಾರೂ ಏನೂ ಅನ್ನಂಗಿಲ್ಲ."

ಈ ಮಾತು ನನ್ನ ತಲೇಲೇ ಉಳೀತು. ನಮ್ಮ ಕಡೆ ಕೋಡಿನಲ್ಲಿ ಎರರ್ ಬಂದ್ರೆ, ಅದು ಸ್ಕ್ರೀನ್ ಮೇಲೆ ಕಾಣದ ಹಾಗೆ ಮಾಡಿ ಟಿಕೆಟ್ ಕ್ಲೋಸ್ ಮಾಡೋರು ಎಷ್ಟು ಜನ ಇಲ್ಲ? ಗಿರಾಕಿಗೆ ಬೇಕಾಗಿದ್ದೂ ಅದೇ, ಎರರ್ ಕಾಣಬಾರದು. ವಾರಕ್ಕೊಂದು ಸುಡ್ತಿದ್ದ ಐದು ರೂಪಾಯಿಯ ಫ್ಯೂಸು "ಇಲ್ಲಿ ವೈರ್ ಸವೀತಾ ಇದೆ ನೋಡ್ರಪ್ಪ" ಅಂತ ಕೂಗ್ತಾನೇ ಇತ್ತು. ನಾವು ಅದರ ಬಾಯಿ ಮುಚ್ಚಿದ್ದನ್ನೇ ರಿಪೇರಿ ಅಂದ್ಕೊಂಡ್ವಿ.

ಇಷ್ಟು ಓದಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಗಾಡಿಗೆ ಹೊರಗಡೆ ಹಾರ್ನು, ಲೈಟು, ಮ್ಯೂಸಿಕ್ ಏನಾದ್ರೂ ಹಾಕಿಸಿದ್ರೆ ಫ್ಯೂಸ್ ಡಬ್ಬಿಯ ಮುಚ್ಚಳ ತೆಗೀರಿ. ಯಾವ ಜಾಗಕ್ಕೆ ಎಷ್ಟು ಆಂಪ್ ಅಂತ ಸಾಮಾನ್ಯವಾಗಿ ಮುಚ್ಚಳದ ಒಳಗಡೆಯೇ ಬರೆದಿರುತ್ತೆ, ಇಲ್ಲಾಂದ್ರೆ ಗಾಡಿ ಜೊತೆ ಬಂದ ಪುಸ್ತಕದಲ್ಲಿ. ಬರೆದಿದ್ದು 15, ಕೂತಿದ್ದು ಹಸಿರು ಅಂತಾದ್ರೆ, ಈ ವಾರಾಂತ್ಯ ಬೇರೆ ಪ್ರೋಗ್ರಾಂ ಇಟ್ಕೋಬೇಡಿ.