ಅಂಗಿಯ ಮೇಲಿನ ಅಂಕಿಗೂ ನಿವೃತ್ತಿಯೇ?

ಗುಂಡಪ್ಪ ವಿಶ್ವನಾಥ್ ಅವರು ಆಡುತ್ತಿದ್ದ ಕಾಲದಲ್ಲಿ ಕ್ರಿಕೆಟ್ ಆಟಗಾರನ ಬೆನ್ನಿನ ಮೇಲೆ ಹೆಸರೂ ಇರಲಿಲ್ಲ, ಅಂಕಿಯೂ ಇರಲಿಲ್ಲ. ಎಲ್ಲರದೂ ಒಂದೇ ಬಿಳಿ ಅಂಗಿ. ಆದರೂ ಸ್ಕ್ವೇರ್ ಕಟ್ ಹೊಡೆದ ಆ ಪುಟ್ಟ ಆಕೃತಿ ಯಾರದೆಂದು ಪ್ರೇಕ್ಷಕರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಚಂದ್ರಶೇಖರ್ ಓಡಿಬರುವ ರೀತಿ, ಪ್ರಸನ್ನ ಚೆಂಡನ್ನು ಗಾಳಿಯಲ್ಲಿ ತೇಲಿಬಿಡುವ ರೀತಿ, ಇವೇ ಅವರ ಗುರುತು. ವಿಶ್ವಕಪ್ಪಿನ ಅಂಗಿಗೆ ಅಂಕಿ ಬಂದದ್ದು 1999ರಲ್ಲಿ. ಟೆಸ್ಟ್ ಪಂದ್ಯದ ಬಿಳಿ ಅಂಗಿಗೆ ಬಂದದ್ದು ಇನ್ನೂ ಇಪ್ಪತ್ತು ವರ್ಷ ತಡವಾಗಿ, 2019ರಲ್ಲಿ.

ಈಗ ಅಂಕಿಯೇ ಆಟಗಾರನಾಗಿಬಿಟ್ಟಿದೆ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಬಟ್ಟೆ ಅಂಗಡಿಯಲ್ಲಿ ತೂಗುಹಾಕಿದ ಕೆಂಪು ಅಂಗಿಯ ಬೆನ್ನಿಗೆ 18 ಎಂದಿದ್ದರೆ ಸಾಕು, ಹೆಸರು ಬೇಕಿಲ್ಲ. ಶಾಲೆಯ ಕಬಡ್ಡಿ ತಂಡಕ್ಕೆ ಹೊಸ ಅಂಗಿ ಬಂದ ದಿನ ಏಳು ಹುಡುಗರಲ್ಲಿ ನಾಲ್ವರು ‘ಹದಿನೆಂಟು ನನಗೇ ಬೇಕು’ ಎಂದು ಜಗಳ ತೆಗೆಯುವುದು ದೈಹಿಕ ಶಿಕ್ಷಕರಿಗೆಲ್ಲ ಗೊತ್ತಿರುವ ಸಂಗತಿ. ಕೊನೆಗೆ ಚೀಟಿ ಎತ್ತಿ ತೀರ್ಮಾನ ಮಾಡಬೇಕಾಗುತ್ತದೆ.

ದೊಡ್ಡವರ ಲೋಕದಲ್ಲಿ ಈ ಜಗಳಕ್ಕೆ ಬೇರೆಯದೇ ಪರಿಹಾರ ಹುಡುಕಿದ್ದಾರೆ. ಅಂಕಿಯನ್ನು ಯಾರಿಗೂ ಕೊಡದೆ ಬೀಗ ಹಾಕಿಡುವುದು! 2023ರ ಮಾರ್ಚ್ 26ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಸಮಾರಂಭದಲ್ಲಿ ರಾಯಲ್ ಚಾಲೆಂಜರ್ಸ್ ತಂಡ ಎ.ಬಿ. ಡಿವಿಲಿಯರ್ಸ್ ಅವರ 17 ಮತ್ತು ಕ್ರಿಸ್ ಗೇಲ್ ಅವರ 333ಕ್ಕೆ ನಿವೃತ್ತಿ ನೀಡಿತು. ಇನ್ನು ಮುಂದೆ ಆ ತಂಡದಲ್ಲಿ ಆ ಅಂಕಿಗಳನ್ನು ಯಾರೂ ತೊಡುವಂತಿಲ್ಲ. ಇಬ್ಬರ ಅರ್ಹತೆಯ ಬಗ್ಗೆ ಎರಡು ಮಾತಿಲ್ಲ. ಅದೇ ಮೈದಾನದಲ್ಲಿ 2013ರ ಏಪ್ರಿಲ್ 23ರಂದು ಗೇಲ್ 66 ಚೆಂಡುಗಳಲ್ಲಿ ಔಟಾಗದೆ 175 ರನ್ ಹೊಡೆದಿದ್ದರು. 2016ರಲ್ಲಿ ಡಿವಿಲಿಯರ್ಸ್ ಮತ್ತು ವಿರಾಟ್ ಕೊಹ್ಲಿ ಜೊತೆಯಾಗಿ 229 ರನ್ ಸೇರಿಸಿದ್ದೂ ಅಲ್ಲಿಯೇ. ಇನ್ನು 333 ಎಂಬುದು 2010ರಲ್ಲಿ ಶ್ರೀಲಂಕಾದ ಗಾಲ್‌ನಲ್ಲಿ ಗೇಲ್ ಗಳಿಸಿದ ಟೆಸ್ಟ್ ಮೊತ್ತ. ಪ್ರಶ್ನೆ ಅವರ ಯೋಗ್ಯತೆಯದಲ್ಲ, ಗೌರವ ತೋರುವ ವಿಧಾನದ್ದು.

ಈ ವಿಧಾನದ ಬಿಸಿ ತಗುಲಿದ್ದು ಒಬ್ಬ ಹೊಸ ಹುಡುಗನಿಗೆ. 2017ರ ಆಗಸ್ಟ್ 31ರಂದು ಕೊಲಂಬೊದಲ್ಲಿ ಶಾರ್ದೂಲ್ ಠಾಕೂರ್ ಮೊದಲ ಬಾರಿಗೆ ಭಾರತದ ಪರ ಏಕದಿನ ಪಂದ್ಯ ಆಡಿದರು. ಬೆನ್ನಿನ ಮೇಲೆ 10 ಇತ್ತು, ಅದು ಸಚಿನ್ ತೆಂಡೂಲ್ಕರ್ ತೊಟ್ಟಿದ್ದ ಅಂಕಿ. ಅಷ್ಟಕ್ಕೇ ಅಭಿಮಾನಿಗಳು ಆತನ ಮೇಲೆ ಮುಗಿಬಿದ್ದರು. ತನ್ನ ಜನ್ಮದಿನಾಂಕದ ಅಂಕಿಗಳನ್ನು ಕೂಡಿದರೆ ಹತ್ತು ಬರುತ್ತದೆ, ಅದಕ್ಕೇ ಆರಿಸಿಕೊಂಡೆ ಎಂದು ಆತ ವಿವರಿಸಿದರೂ ಕೇಳುವವರಿರಲಿಲ್ಲ. (16-10-1991: ಕೂಡಿದರೆ 28, ಎರಡು ಮತ್ತು ಎಂಟು ಸೇರಿ ಹತ್ತು. ಸಂಖ್ಯಾಶಾಸ್ತ್ರ ನಂಬದವರೂ ಕೂಡುವುದರಲ್ಲಿ ತಪ್ಪು ಹುಡುಕಲಾರರು.) ಆತ 54ಕ್ಕೆ ಬದಲಾಯಿಸಿಕೊಂಡರು. ಆಮೇಲೆ 10 ಯಾರ ಪಾಲಿಗೂ ಬರಲಿಲ್ಲ. ಮಹೇಂದ್ರ ಸಿಂಗ್ ಧೋನಿಯವರ 7ನ್ನೂ ಇನ್ನು ಯಾರಿಗೂ ಕೊಡುವುದಿಲ್ಲವೆಂದು ಕ್ರಿಕೆಟ್ ಮಂಡಳಿ ತೀರ್ಮಾನಿಸಿದ ಸುದ್ದಿ 2023ರ ಡಿಸೆಂಬರಿನಲ್ಲಿ ಬಂತು. 2025ರ ಮೇ ತಿಂಗಳಲ್ಲಿ ಕೊಹ್ಲಿ ಟೆಸ್ಟ್ ಕ್ರಿಕೆಟ್ಟಿಗೆ ವಿದಾಯ ಹೇಳಿದ ಮೇಲೆ 18ರ ಸರದಿ ಬಂದಿತು. ಅದೇ ಮೇ 17ರಂದು ಚಿನ್ನಸ್ವಾಮಿಯಲ್ಲಿ ಮಳೆಯಿಂದ ಒಂದು ಚೆಂಡೂ ಹಾಕಲಾಗದೆ ಪಂದ್ಯ ನಿಂತುಹೋಯಿತು. ಆದರೂ 18 ಎಂದು ಬರೆದ ಬಿಳಿ ಅಂಗಿ ತೊಟ್ಟ ಅಭಿಮಾನಿಗಳು ಅಲ್ಲಿ ನೆರೆದಿದ್ದರು.

ಅಂಕಿಗೆ ನಿವೃತ್ತಿ ಕೊಡುವುದರ ಹಿಂದೆ ಎರಡು ಬೇರೆ ಬೇರೆ ಭಾವನೆಗಳಿವೆ. ಒಂದು ದುಃಖ, ಇನ್ನೊಂದು ಹೆಮ್ಮೆ. 2014ರ ನವೆಂಬರಿನಲ್ಲಿ ಸಿಡ್ನಿಯಲ್ಲಿ ಚೆಂಡು ತಗುಲಿ ತೀರಿಕೊಂಡ ಫಿಲಿಪ್ ಹ್ಯೂಸ್ ಅವರ 64ನ್ನು ಆಸ್ಟ್ರೇಲಿಯಾ ತೆಗೆದಿರಿಸಿತು. ಫಾರ್ಮುಲಾ ಒನ್ ಕಾರು ಓಟದಲ್ಲಿ ಜಪಾನಿನ ಅಪಘಾತದಿಂದ ಚೇತರಿಸಿಕೊಳ್ಳದೆ 2015ರಲ್ಲಿ ತೀರಿಕೊಂಡ ಜೂಲ್ಸ್ ಬಿಯಾಂಕಿ ಅವರ 17ನ್ನೂ ಹೀಗೆಯೇ ತೆಗೆದಿರಿಸಿದರು. ಹರೆಯದಲ್ಲಿ ಹೋದವರ ಅಂಕಿಯನ್ನು ಮರುದಿನವೇ ಇನ್ನೊಬ್ಬರ ಬೆನ್ನಿಗೆ ಅಂಟಿಸುವುದು ಯಾರಿಗೂ ಇಷ್ಟವಾಗದು. ಮನೆಯಲ್ಲಿ ಸಾವಾದರೆ ಆ ವರ್ಷ ಹಬ್ಬ ಮಾಡುವುದಿಲ್ಲ. ಆದರೆ ವರ್ಷ ಕಳೆದ ಮೇಲೆ ಮಾಡುತ್ತಾರೆ.

ಈ ‘ಕಳೆದ ಮೇಲೆ’ ಎಂಬುದಕ್ಕೆ ಅಮೆರಿಕದ ಸ್ಟಾಕ್ ಕಾರ್ ಓಟ ಒಂದು ಒಳ್ಳೆಯ ಉದಾಹರಣೆ. ಹೊರನೋಟಕ್ಕೆ ರಸ್ತೆಯ ಕಾರುಗಳಂತೆಯೇ ಕಾಣುವ, ಒಳಗೆ ಓಟಕ್ಕೆಂದೇ ಕಟ್ಟಿದ ಕಾರುಗಳ ಪಂದ್ಯವದು. ಅಲ್ಲಿ ಏಳು ಬಾರಿ ಚಾಂಪಿಯನ್ ಆದ ಡೇಲ್ ಅರ್ನ್‌ಹಾರ್ಟ್ ಎಂಬ ಚಾಲಕನ ಕಪ್ಪು ಕಾರಿನ ಮೇಲಿದ್ದ ಅಂಕಿ 3. 2001ರ ಫೆಬ್ರವರಿ 18ರಂದು ಡೇಟೋನಾ ಓಟದ ಕೊನೆಯ ಸುತ್ತಿನಲ್ಲಿ ಗೋಡೆಗೆ ಅಪ್ಪಳಿಸಿ ಆತ ತೀರಿಕೊಂಡರು. ವಯಸ್ಸು 49. ಆ 3ನ್ನು ಶಾಶ್ವತವಾಗಿ ನಿಲ್ಲಿಸಿಬಿಡಿ ಎಂಬ ಕೂಗು ಎದ್ದಿತು. ಓಟ ನಡೆಸುವ ನಾಸ್ಕಾರ್ ಸಂಸ್ಥೆಯ ಪದ್ಧತಿಯಲ್ಲಿ ಅಂಕಿ ಚಾಲಕನ ಸ್ವತ್ತಲ್ಲ. ಸಂಸ್ಥೆ ಅದನ್ನು ತಂಡಗಳಿಗೆ ಬಳಸಲು ಕೊಡುತ್ತದೆ, ಅಷ್ಟೆ. ತಂಡದ ಒಡೆಯ ರಿಚರ್ಡ್ ಚಿಲ್ಡ್ರೆಸ್ ಆ ಕಾರಿಗೆ 29 ಎಂದು ಬರೆಸಿ, 3ನ್ನು ಹಾಗೆಯೇ ಎತ್ತಿಟ್ಟರು. ಹದಿಮೂರು ವರ್ಷ ಕಳೆದು 2014ರಲ್ಲಿ ಆ ಅಂಕಿ ಮತ್ತೆ ಕಾರಿನ ಮೇಲೆ ಬಂತು. ಚಾಲಕ ಆಸ್ಟಿನ್ ಡಿಲನ್, ಚಿಲ್ಡ್ರೆಸ್ ಅವರ ಮೊಮ್ಮಗ. ಕೆಲವರು ಸಿಟ್ಟಾದರು. ಆದರೆ 2018ರಲ್ಲಿ ಅದೇ ಡೇಟೋನಾದಲ್ಲಿ ಅದೇ 3ರ ಕಾರು ಗೆದ್ದಾಗ, ಅರ್ನ್‌ಹಾರ್ಟ್ ಅವರನ್ನು ಕಾಣದ ಮಕ್ಕಳೂ ‘ಆ ಮೂರು ಯಾರದಾಗಿತ್ತು?’ ಎಂದು ಕೇಳುವಂತಾಯಿತು.

ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಸೀಮೆಯವರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ತಾತ ದೊಡ್ಡ ಮನುಷ್ಯನಾಗಿದ್ದ, ಆದ್ದರಿಂದ ಆ ಹೆಸರನ್ನು ಇನ್ನು ಯಾರಿಗೂ ಇಡಬಾರದು ಎಂದು ಯಾವ ಮನೆಯಲ್ಲೂ ಹೇಳುವುದಿಲ್ಲ. ದೊಡ್ಡವನಾಗಿದ್ದನೆಂದೇ ಇಡುತ್ತಾರೆ. ಬೆಂಗಳೂರು ಗ್ರಾಮಾಂತರದ ಎಷ್ಟೋ ಊರುಗಳ ಅಂಚಿನಲ್ಲಿ ವೀರಗಲ್ಲುಗಳಿವೆ. ಊರಿಗಾಗಿ ಸತ್ತವನಿಗೆ ಹಿರಿಯರು ಕಲ್ಲು ನೆಟ್ಟರು, ಅವನು ಕಾದಾಡಿದ ಹೊಲವನ್ನು ಬೀಳುಬಿಡಲಿಲ್ಲ. ನೆನಪಿಗೆ ಕಲ್ಲು, ಬದುಕಿಗೆ ಹೊಲ. ಬೆಂಗಳೂರಿನಲ್ಲಿ ಅನಿಲ್ ಕುಂಬ್ಳೆ ಅವರ ಹೆಸರಿನ ವೃತ್ತವಿದೆ. ಅದರ ಗೌರವ ಹೆಚ್ಚಿರುವುದು ದಿನವೂ ಸಾವಿರಾರು ಜನ ಅದನ್ನು ಬಳಸಿ ಹೋಗುವುದರಿಂದ. ರಾಹುಲ್ ದ್ರಾವಿಡ್ ತೊಟ್ಟಿದ್ದ 19ನ್ನು ಅವರ ನಂತರ ಉಮೇಶ್ ಯಾದವ್ ತೊಟ್ಟರು. ದ್ರಾವಿಡ್ ಅವರ ಕೀರ್ತಿ ಅದರಿಂದ ಒಂದು ಎಳೆಯಷ್ಟೂ ಸವೆಯಲಿಲ್ಲ.

ವಿಜ್ಞಾನದ ಲೋಕದಲ್ಲಿಯೂ ಗೌರವವೆಂದರೆ ಬಳಕೆಯೇ. ನ್ಯೂಟನ್ ಮಹಾಶಯನ ಹೆಸರು ಬಲದ ಮಾನವಾಗಿ ಎಂಟನೆಯ ತರಗತಿಯ ಹುಡುಗನ ಪಟ್ಟಿಯಲ್ಲಿಯೂ ಇದೆ. ಅವನು ಲೆಕ್ಕ ತಪ್ಪು ಮಾಡಿದರೂ ನ್ಯೂಟನ್‌ಗೆ ಅವಮಾನವಾಗುವುದಿಲ್ಲ. ಸಿ.ವಿ. ರಾಮನ್ 1928ರಲ್ಲಿ ಕಂಡುಹಿಡಿದ ಪರಿಣಾಮ ಇಂದಿಗೂ ಪ್ರಯೋಗಶಾಲೆಗಳಲ್ಲಿ ವಸ್ತುಗಳನ್ನು ಗುರುತಿಸಲು ಕೆಲಸಕ್ಕೆ ಬರುತ್ತಿದೆ. ಅದನ್ನು ಗೌರವದಿಂದ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರೆ ನಷ್ಟ ಯಾರಿಗೆ?

ಆಟದಲ್ಲಿಯೂ ಆ ನಷ್ಟದ ಲೆಕ್ಕ ಹಾಕಬಹುದು. ಬೇಸ್‌ಬಾಲ್ ಆಡುವ ನ್ಯೂಯಾರ್ಕ್ ಯಾಂಕೀಸ್ ತಂಡ ತನ್ನ ಮಹಾನ್ ಆಟಗಾರರ ಅಂಕಿಗಳಿಗೆ ಒಂದೊಂದಾಗಿ ನಿವೃತ್ತಿ ಕೊಡುತ್ತ ಬಂದು, 2017ರ ಹೊತ್ತಿಗೆ 1ರಿಂದ 10ರವರೆಗಿನ ಅಂಕಿಗಳೆಲ್ಲ ಖಾಲಿಯಾದವು. ಅರ್ಜೆಂಟೀನಾದವರು ಮರಡೋನಾ ಅವರ 10ನ್ನು 2002ರ ವಿಶ್ವಕಪ್ ಫುಟ್‌ಬಾಲಿನಲ್ಲಿ ಯಾರಿಗೂ ಕೊಡದಿರಲು ನೋಡಿದರು. 1ರಿಂದ 23ರವರೆಗೆ ಎಲ್ಲ ಅಂಕಿಗಳೂ ಇರಲೇಬೇಕೆಂದು ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆ ಪಟ್ಟು ಹಿಡಿದದ್ದರಿಂದ ಅದು ಸಾಗಲಿಲ್ಲ. ಸಾಗದಿದ್ದದ್ದೇ ಒಳ್ಳೆಯದಾಯಿತು. ಅದೇ 10ನ್ನು ತೊಟ್ಟ ಲಯೊನೆಲ್ ಮೆಸ್ಸಿ 2022ರಲ್ಲಿ ವಿಶ್ವಕಪ್ ಎತ್ತಿಹಿಡಿದರು. ಬೀಗ ಬಿದ್ದಿದ್ದರೆ ಒಂದು ಅಂಕಿಯಲ್ಲಿ ಎರಡು ಕಾಲ ಸೇರುವ ಆ ಚಿತ್ರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಬೀಗ ಹಾಕಿದವರೂ ಒಂದು ಕಿಂಡಿ ಬಿಟ್ಟ ಉದಾಹರಣೆಗಳಿವೆ. ವರ್ಣಭೇದದ ಗೋಡೆಯನ್ನು 1947ರಲ್ಲಿ ಒಡೆದ ಬೇಸ್‌ಬಾಲ್ ಆಟಗಾರ ಜಾಕಿ ರಾಬಿನ್‌ಸನ್ ಅವರ 42ಕ್ಕೆ ಇಡೀ ಲೀಗಿನಲ್ಲಿ 1997ರಲ್ಲಿ ನಿವೃತ್ತಿ ದೊರೆಯಿತು. ಆದರೆ ಪ್ರತಿ ವರ್ಷ ಏಪ್ರಿಲ್ 15ರಂದು ಎಲ್ಲ ತಂಡಗಳ ಎಲ್ಲ ಆಟಗಾರರೂ 42ನ್ನೇ ತೊಡುತ್ತಾರೆ. 2024ರ ಒಲಿಂಪಿಕ್ಸ್ ನಂತರ ಹಾಕಿ ಇಂಡಿಯಾ ಗೋಲ್‌ಕೀಪರ್ ಶ್ರೀಜೇಶ್ ಅವರ 16ನ್ನು ಹಿರಿಯರ ತಂಡದಲ್ಲಿ ನಿಲ್ಲಿಸಿತು, ಕಿರಿಯರ ತಂಡದಲ್ಲಿ ಉಳಿಸಿತು. ಕಿರಿಯರಿಗೆ ತರಬೇತಿ ಕೊಡುವ ಹೊಣೆಯನ್ನೂ ಅವರಿಗೇ ಒಪ್ಪಿಸಿತು.

ಈಗ 18ಕ್ಕೆ ಬರೋಣ. ಆ ಅಂಕಿಯನ್ನು ಕೊಹ್ಲಿ ಕೇಳಿ ಪಡೆದವರಲ್ಲ. ಹತ್ತೊಂಬತ್ತರ ಒಳಗಿನವರ ತಂಡದಲ್ಲಿ ಯಾರೋ ಕೈಗೆ ಕೊಟ್ಟ ಅಂಗಿಯಲ್ಲಿ ಅದಿತ್ತು. ಅದಕ್ಕೆ ಬೆಲೆ ಬಂದದ್ದು ಆಮೇಲಿನ ದುಡಿಮೆಯಿಂದ. ಅಭಿಮಾನದ ಭರದಲ್ಲಿ ಹಲವರು ಮರೆಯುವ ಇನ್ನೊಂದು ಸಂಗತಿಯಿದೆ. ಸ್ಮೃತಿ ಮಂದಾನಾ ಅವರ ಬೆನ್ನಿನ ಮೇಲೂ 18 ಇದೆ. ಬೆಂಗಳೂರಿನ ಫ್ರಾಂಚೈಸಿಗೆ ಮೊದಲ ಕಪ್ ಬಂದದ್ದು 2024ರ ಮಾರ್ಚ್‌ನಲ್ಲಿ, ಆಕೆಯ ನಾಯಕತ್ವದಲ್ಲಿ. ಪುರುಷರ ತಂಡ ಗೆದ್ದದ್ದು ಮರುವರ್ಷ. ಒಂದೇ ಅಂಕಿ ಇಬ್ಬರ ಬೆನ್ನಿನ ಮೇಲಿದ್ದರೂ ಇಬ್ಬರ ಗೌರವಕ್ಕೂ ಕುಂದಾಗಲಿಲ್ಲ.

ಆದ್ದರಿಂದ ದೊಡ್ಡ ಆಟಗಾರ ನಿವೃತ್ತನಾದಾಗ ಆತನ ಅಂಕಿಗೆ ಕೆಲವು ವರ್ಷ ವಿಶ್ರಾಂತಿ ಕೊಡುವುದು ಸರಿ. ಅಂಗಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೆಳಗೆ ಸಾಧನೆಯನ್ನು ಬರೆಯಿಸುವುದೂ ಸರಿ. ಆಮೇಲೆ ಯೋಗ್ಯನಾದ ಕಿರಿಯನೊಬ್ಬ ಬಂದು ಕೇಳಿದಾಗ, ಸಾಧ್ಯವಾದರೆ ಆ ಹಿರಿಯನ ಕೈಯಿಂದಲೇ ಅದನ್ನು ಕೊಡಿಸಬೇಕು. ಅದು ನಿವೃತ್ತಿಗಿಂತ ದೊಡ್ಡ ಸಮಾರಂಭವಾಗುತ್ತದೆ.

ತಂದೆತಾಯಿಗಳು ಇದರಲ್ಲಿ ತಮ್ಮ ಮನೆಯ ಮಾತನ್ನೂ ಕಾಣಬಹುದು. ಅಣ್ಣ ಓದಿದ ಶಾಲೆಗೇ ತಮ್ಮ ಸೇರುತ್ತಾನೆ. ಮೊದಲ ದಿನವೇ ಯಾರಾದರೂ ‘ನಿನ್ನ ಅಣ್ಣ ಹೀಗಿರಲಿಲ್ಲ’ ಎನ್ನುತ್ತಾರೆ. ಕೊಲಂಬೊದಲ್ಲಿ ಶಾರ್ದೂಲ್ ಠಾಕೂರ್ ಕೇಳಿಸಿಕೊಂಡದ್ದೂ ಹೆಚ್ಚುಕಡಿಮೆ ಇದೇ ಮಾತು. ಅಣ್ಣ ತೆಗೆದ ಅಂಕ ಗೋಡೆಯ ಮೇಲೆ ತೂಗಿರಲಿ, ಸಂತೋಷ. ಆದರೆ ಅದರಡಿ ಕುಳಿತ ತಮ್ಮನಿಗೆ ಆ ಬೆಂಚು ತನ್ನದಲ್ಲ ಎನಿಸಬಾರದು. ಮಗ ಹದಿನೆಂಟರ ಅಂಗಿ ಕೇಳಿದರೆ ಕೊಡಿಸಿ. ಅದರ ಜೊತೆಗೆ ‘ನೀನೂ ಕೊಹ್ಲಿಯಾಗಬೇಕು’ ಎಂಬ ಷರತ್ತನ್ನು ಮಾತ್ರ ಹೊಲಿಸಬೇಡಿ.